ನಕ್ಕವರು ಯಾರು?

“ಕಾಕಾ, ನನ್ನ ಹೆಸರಿನ ಅರ್ಥ ‘ಸಿಂಹ’ ಅಂತ ಬರೀರಿ. ಯಾರು ನೋಡ್ತಾರ?” ಇಸಾಕ ಪಿಸುಗುಟ್ಟಿದ.

ವಾಡಿ ಸ್ಟೇಷನ್ ರಸ್ತೆಯ ಝೆರಾಕ್ಸ್ ಅಂಗಡಿಯ ರೇವಣಸಿದ್ದ ಕಾಕಾ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. “ಸಿಂಹ ಸ್ಟಾಕ್ ಮುಗದದಪಾ. ಮುಂಜಾನಿಂದ ಒಂಬತ್ತು ಸಿಂಹ, ಹದಿನಾಲ್ಕು ರಾಜಾ ಪ್ರಿಂಟ್ ಹಾಕೀನಿ. ನಿಮ್ಮ ಐದನೇ ಕ್ಲಾಸಿನ್ಯಾಗ ಪ್ರಜಾ ಯಾರೂ ಇಲ್ಲೇನು?”

ಇರಲಿಲ್ಲ. ‘ನನ್ನ ಹೆಸರಿನ ಅರ್ಥ’ ಎಂಬ ಪ್ರಾಜೆಕ್ಟ್ ಕೊಟ್ಟ ದಿನದಿಂದ ಇಡೀ ಕ್ಲಾಸು ಅರಮನೆಯಾಗಿತ್ತು. ಮುಕ್ರಮ ಕೂಡ ತನ್ನ ಹೆಸರಿನ ಅರ್ಥದಂತೆ ‘ಗೌರವಾನ್ವಿತ’ನಾಗಿ, ಅಂಗಿಯ ತೋಳಿಗೆ ಮೂಗು ಒರೆಸಿಕೊಳ್ಳುತ್ತ ತಿರುಗುತ್ತಿದ್ದ.

ಪ್ರಿಂಟರ್ ಹಾಳೆ ಉಗುಳಿತು: ‘ಇಸಾಕ. ಮೂಲ: ಹೀಬ್ರೂ ಭಾಷೆ. ಅರ್ಥ: ಅವನು ನಗುತ್ತಾನೆ.’

“ಚಲೋ ಹೆಸರದ,” ಎಂದ ಕಾಕಾ. “ಆದ್ರ ನಿನ್ನ ಮಾರಿ ನೋಡಿದ್ರ ಯಾರೂ ನಂಬಂಗಿಲ್ಲ.”

ನಗು ಎಲ್ಲಿಂದ ಬರಬೇಕು? ನಾಳೆ ಎಲ್ಲರ ತಂದೆತಾಯಿಗಳ ಎದುರು ಅದನ್ನು ಓದಿ, ಆ ಹೆಸರು ಯಾಕೆ ಇಟ್ಟರೆಂದು ಹೇಳಬೇಕಿತ್ತು. ಪಾಲಕರನ್ನು ಕರೆಯುವ ಚೀಟಿ ಮೂರು ದಿನದಿಂದ ಅವನ ಕಂಪಾಸ್ ಬಾಕ್ಸಿನಲ್ಲೇ ಅಡಗಿತ್ತು. ಕಳೆದ ಸಲ ಅಮ್ಮಿ ಶಾಲೆಗೆ ಬಂದಾಗ ಅಶೋಕಕುಮಾರ ಸರ್ ತಾಯಿಯನ್ನೇ ಅಜ್ಜಿ ಎಂದುಕೊಂಡು, ಬಹಳ ಮರ್ಯಾದೆಯಿಂದ, “ಇಸಾಕನ ದಾದಿಗೆ ಕುರ್ಚಿ ಹಾಕ್ರಿ” ಎಂದಿದ್ದರು. ಅಂದಿನಿಂದ ಮುಕ್ರಮ ದಿನಾಲೂ, “ದಾದಿ ಆರಾಮ ಅದಾರೇನು?” ಎಂದು ಕ್ಷೇಮ ವಿಚಾರಿಸುತ್ತಿದ್ದ. ಎಂಥ ಗೌರವಾನ್ವಿತ!

ಸಂಜೆ ಅಮ್ಮಿ, ಅಂದರೆ ಅಮೀರ್ಬೀ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಕೆಲಸ ಮುಗಿಸಿ ಬಂದಳು. ತಲೆ ಕೊಡವಿದಳು. ಕಲ್ಲಿನ ಧೂಳು ಹೋಯಿತು, ಕೂದಲ ಬಿಳುಪು ಹೋಗಲಿಲ್ಲ.

“ಅಮ್ಮೀ, ನನಗ ಬ್ಯಾರೆ ಹೆಸರು ಸಿಗಲಿಲ್ಲೇನು?”

“ಸಿಕ್ಕಿದ್ದವು. ನಿಮ್ಮ ಅಬ್ಬಾ ಹನ್ನೊಂದು ಹೆಸರು ಬರದಿಟ್ಟಿದ್ರು.” ರೊಟ್ಟಿ ಬಡಿಯುತ್ತ ಅಮ್ಮಿ ಹೇಳಿದಳು. “ಮದುವಿ ಆಗಿ ಇಪ್ಪತ್ತು ವರ್ಷ ಮಕ್ಕಳಿಲ್ಲ. ಓಣಿ ಮಂದಿ ಕೇಳೋದೂ ಬಿಟ್ಟಿದ್ರು. ಪಕ್ಕದ ಮನಿ ಅನಸುಬಾಯಿ ಒಬ್ಬಾಕಿ ಬಿಟ್ಟಿರಲಿಲ್ಲ, ಪಾಪ, ಆಕಿಗಿ ಬ್ಯಾರೆ ಕೆಲಸ ಇರಲಿಲ್ಲ. ನಲವತ್ಮೂರನೇ ವಯಸ್ಸಿನ್ಯಾಗ ಹೊಟ್ಟಿನೋವಂತ ದವಾಖಾನಿಗೆ ಹೋದೆ. ನರ್ಸಬಾಯಿ, ‘ಹೊಟ್ಟ್ಯಾಗ ಕೂಸದ’ ಅಂದ್ಲು. ನನಗ ನಗು ಬಂತು ನೋಡು! ಸೆರಗು ಬಾಯಿಗೆ ಒತ್ತಿಕೊಂಡೆ, ಆದ್ರೂ ನಿಲ್ಲವಲ್ದು. ಸಾಲಿನ್ಯಾಗ ನಿಂತವರು, ‘ಮುದುಕಿಗಿ ತಲಿ ಕೆಟ್ಟದ’ ಅಂದ್ರು.”

“ನಾಚಿಕಿ ಬರಲಿಲ್ಲಾ?”

“ಅದಕ್ಕ ಟೈಮ್ ಎಲ್ಲಿತ್ತೋ? ಹಿಂದಕ ಪ್ರವಾದಿ ಇಬ್ರಾಹಿಂ ನಬಿಯವರ ಹೆಂಡ್ತಿನೂ ವಯಸ್ಸಾದಮ್ಯಾಲ ಇಂಥಾದ್ದೇ ಸುದ್ದಿ ಕೇಳಿ ನಕ್ಕಿದ್ರಂತ. ಅವರ ಮಗ ಇಸಾಕ. ನಿಮ್ಮ ಅಬ್ಬಾ ಆ ಹನ್ನೊಂದೂ ಹೆಸರು ಹರದು ಒಲಿಗೆ ಹಾಕಿದ್ರು.”

ಇಸಾಕ ಒಲೆ ನೋಡುತ್ತ ಕುಳಿತ. ಆಮೇಲೆ ಕಂಪಾಸ್ ಬಾಕ್ಸ್ ತೆರೆದು ಚೀಟಿಯನ್ನು ಅಮ್ಮಿಯ ಮುಂದಿಟ್ಟ.

“ನಾಳಿ ಹತ್ತಕ್ಕ. ಲಗೂ ಬಾ.”

ಚೀಟಿಯ ಮಡಿಕೆ ಸವೆದಿದ್ದನ್ನು ಅಮ್ಮಿ ನೋಡಿದಳು. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮರುದಿನ ಸಿಂಹಗಳೂ ರಾಜರೂ ಒಬ್ಬೊಬ್ಬರಾಗಿ ಬಂದು, ತೊದಲಿ, ಬೆವರಿ ಹೋದರು. ಇಸಾಕನ ಸರದಿಗೆ ಸರಿಯಾಗಿ ಬಾಗಿಲಲ್ಲಿ ಅಮ್ಮಿ ಕಂಡಳು.

“ಬರ್ರಿ ದಾದಿ, ಕುಂದ್ರಿ,” ಎಂದರು ಸರ್. ಮುಕ್ರಮ ಕಿಸಕ್ಕನೆ ನಕ್ಕ. ಅಮ್ಮಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಮೂಲ: ಹೀಬ್ರೂ ಭಾಷೆ. ಅರ್ಥ: ಅವನು ನಗುತ್ತಾನೆ,” ಎಂದು ಓದಿ ಇಸಾಕ ಹಾಳೆ ಮಡಚಿದ. “ಆದ್ರ ಮೊದಲ ನಕ್ಕವರು ನಾನಲ್ರಿ ಸರ್. ಇವರು. ದಾದಿ ಅಲ್ರಿ, ನಮ್ಮ ಅಮ್ಮಿ.”

ಸೆರಗಿನ ಹಿಂದಿನಿಂದ ನಗು ತಪ್ಪಿಸಿಕೊಂಡು ಹೊರಬಂತು. ಇಸಾಕನಿಗೂ ಬಂತು. ನಿಲ್ಲವಲ್ದು.