ಒಡೆದ ಮೂಲೆಯ ಮೂರು ಅಕ್ಷರ

ಶಾಸನದ ಪಡಿಯಚ್ಚು ತೆಗೆಯುವವನಿಗೆ ಸುಳ್ಳು ಹೇಳಲು ಬಾರದು; ಕಲ್ಲಿನಲ್ಲಿದ್ದದ್ದಷ್ಟೇ ಕಾಗದಕ್ಕೆ ಬರುತ್ತದೆ. ಚೀನಾದ ಷಿಯಾನ್ ಊರಿನಲ್ಲಿ ನಲವತ್ತು ವರ್ಷ ನನ್ನ ಕೆಲಸ ಅದೇ.

ನಾನು ಸಂಗ್ರಹಿಸಿದ ಹಳೆಯ ಶಾಸನವೊಂದರ ಮೂಲೆ ಒಡೆದುಹೋಗಿತ್ತು. ಕೆತ್ತಿದ ವರ್ಷ ಇದ್ದದ್ದು ಅಲ್ಲೇ.

“ವರ್ಷ ಗೊತ್ತಿಲ್ದ ಕಲ್ಲಿನ ಮೇಲೆ ಬಟ್ಟೆ ಒಗೀರಿ, ಮೇಷ್ಟ್ರೇ!” ಎಂದು ಊರಿನ ಹಿರಿಯ ವಿದ್ವಾಂಸ ಪಾನ್ ಪಂಡಿತರು ಶಾಸನಪ್ರಿಯರ ತುಂಬಿದ ಸಭೆಯಲ್ಲಿ ನಕ್ಕರು.

ಮರುದಿನ ಮಟಮಟ ಮಧ್ಯಾಹ್ನ ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಕರ್ಪೂರ ಬೆರೆಸಿದ ಮಸಿಯ ಬಟ್ಟೆಯುಂಡೆಯಿಂದ ತಟ್ಟುತ್ತ ಬಂದೆ. ಒಡೆದ ಮೂಲೆಯಾಚೆ ಕಾಗದ ಗಾಳಿಯಲ್ಲಿ ಜೋತಾಡುತ್ತಿತ್ತು. ಅಭ್ಯಾಸಬಲದಿಂದ ಕೈ ಅಲ್ಲಿಗೂ ಹೋಯಿತು. ಟಕ್, ಟಕ್ ಎಂದು ಕಲ್ಲಿನದೇ ಸದ್ದು ಬಂತು. ಬೆರಳು ಮರಗಟ್ಟುವಷ್ಟು ತಣ್ಣಗಾಯಿತು. ಕಪ್ಪಿನ ನಡುವೆ ವರ್ಷ ಹೇಳುವ ಮೂರು ಬಿಳಿ ಅಕ್ಷರಗಳು ಮೂಡಿದವು.

“ನೀವೇ ಬರ್ಕೊಂಡಿದೀರಿ,” ಎಂದರು ಪಂಡಿತರು, ಪಡಿಯಚ್ಚು ನೋಡಿ. “ಆ ತುಂಡು ತಂದು ತೋರ್ಸಿ, ನೋಡೋಣ!”

ತಿಂಗಳುಗಳ ಬಳಿಕ, ವಸಂತದಲ್ಲಿ, ಆ ಶಾಸನ ಮೊದಲಿದ್ದ ದೇಗುಲದ ಬಾವಿಯ ಹೂಳೆತ್ತಿದಾಗ ತುಂಡು ಸಿಕ್ಕಿತು. ಸಭೆಯೆದುರು ಜೋಡಿಸಿದೆ. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು, ಅಕ್ಷರಗಳೂ ಅವೇ. ಪಂಡಿತರು ಎದ್ದು ಸೊಂಟ ಬಗ್ಗಿಸಿ ಕೈಮುಗಿದರು.

“ಗೆದ್ರಿ ಮೇಷ್ಟ್ರೇ, ಒಪ್ಕೊಂಡೆ.”

ಅಂದು ನನ್ನಷ್ಟು ಎತ್ತರದ ಮನುಷ್ಯ ಊರಲ್ಲೇ ಇರಲಿಲ್ಲ.

ಒಂದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಬಾವಿಕಟ್ಟೆಯಲ್ಲಿ ಆ ತುಂಡಿನ ಕೆಸರನ್ನು ಒರೆಸಿದವನು ನಾನೇ. ಅಕ್ಷರಗಳ ಸುತ್ತ ಮಸಿ ಇನ್ನೂ ಹಸಿಯಾಗಿತ್ತು, ಕರ್ಪೂರದ ವಾಸನೆ ಬರುತ್ತಿತ್ತು.