ಮೊದಲು ನೀರಿಗಿಳಿದವನು

"ಹ್ಯಾಂಡಲ್ ಎಲ್ಲೋ?"

ಕೇಳಿದವನು ಬೋಳ, ಫ್ಯಾಕ್ಟರಿ ಧಣಿಯ ಆಳು. ಅವನ ಚಾಕುವಿನ ತುದಿ ನನ್ನ ಕುತ್ತಿಗೆಯ ಮೇಲಿತ್ತು.

"ನದಿಯಲ್ಲಿ," ಅಂದೆ. "ಆಗಲೇ ಎಸೆದೆ."

ಹೆದರಿಕೆ ಇರಲಿಲ್ಲ ಅಂದರೆ ಸುಳ್ಳಾದೀತು!

ನನ್ನ ಕಸುಬು ಪತ್ತೇದಾರಿಕೆ. ಈ ಕೇಸು ಕೊಟ್ಟವಳು ನನ್ನ ಅಕ್ಕ, ಈಜು ಕೋಚ್. ಊರ ನಡುವಿನ ನದಿಯಲ್ಲಿ ಎಲ್ಲರೂ ಈಜುವಂಥ ಬೀಚ್ ಆಗಲಿ ಅಂತ ವರ್ಷಗಟ್ಟಲೆ ಗುದ್ದಾಡಿ, ಮರಳು ಹಾಸಿಸಿ, ಹಗ್ಗ ಕಟ್ಟಿಸಿದ್ದಳು. ಇವತ್ತು ಬೆಳಿಗ್ಗೆ ಅಧಿಕಾರಿ ಮೇಡಂ ಕೊನೆಯ ಸಲ ನೀರು ಪರೀಕ್ಷೆ ಮಾಡುವವರಿದ್ದರು. ನೀರು ಕೆಟ್ಟಿದ್ದರೆ ಬೀಚ್ ಕ್ಯಾನ್ಸಲ್!

ಅದಕ್ಕೇ ಈ ಟ್ಯಾಂಕರ್. ಬೀಚಿನಿಂದ ಮೇಲಿನ ತಿರುವಿನಲ್ಲಿ, ನದಿಗೆ ಬೆನ್ನು ಮಾಡಿ ನಿಂತಿತ್ತು. ಒಳಗೆ ಬಣ್ಣದ ಫ್ಯಾಕ್ಟರಿಯ ಹೊಲಸು. ವಾಲ್ವ್ ತಿರುಗಿಸುವ ಹ್ಯಾಂಡಲ್ ಕಿತ್ತು ಎಸೆದವನು ನಾನು.

ಫ್ಯಾಕ್ಟರಿ ಧಣಿ ಕಾರಿನಿಂದಿಳಿದ. ಜನ ಈಜಲು ಶುರು ಮಾಡಿದರೆ, ನದಿಗೆ ಹೊಲಸು ಬಿಡುತ್ತಿದ್ದ ಅವನ ಪೈಪು ಮತ್ತೆಂದೂ ತೆರೆಯುವಂತಿಲ್ಲ.

"ಸೊಂಟದ ಮಟ್ಟ ನೀರು. ಇಳಿದು ತಗೊಳ್ರೋ!"

ಅವನ ಆಳುಗಳಲ್ಲಿ ಒಬ್ಬನೂ ಅಲುಗಾಡಲಿಲ್ಲ.

"ಧಣಿ... ಈ ನೀರು ತಾಕಿದ್ರೆ ಚರ್ಮ ಸುಲಿಯುತ್ತೆ ಅಂತ ನೀವೇ ಹೇಳಿದ್ರಲ್ಲ?" ಬೋಳ ಗೊಣಗಿದ.

"ಅದು ಆವಾಗ ಕಣೋ! ಕೋರ್ಟು ಪೈಪು ಮುಚ್ಚಿಸಿ ವರ್ಷವಾಯ್ತು!"

"ಹಾಗಾದ್ರೆ ನೀವೇ ಇಳೀರಿ, ಧಣಿ."

ಧಣಿ ತನ್ನ ಹೊಳೆಯುವ ಬೂಟು ನೋಡಿಕೊಂಡ.

"ಇವನನ್ನೇ ಇಳಿಸು!"

ನನಗೆ ಬೇಕಿದ್ದೂ ಅದೇ!

ಇಳಿದೆ. ಕೆಸರಲ್ಲಿ ಕೈಯಾಡಿಸಿದೆ. ಹ್ಯಾಂಡಲ್ ಸಿಕ್ಕಿತು. ಬೆಲ್ಟಿಗೆ ಸಿಕ್ಕಿಸಿಕೊಂಡೆ... ಮುಳುಗಿದೆ!

"ಏಯ್! ಹಿಡೀರೋ ಅವನ್ನ! ಹಾರ್ರೋ!"

ಯಾರು ಹಾರುತ್ತಾರೆ?

ಅವರು ದಡದ ಮೇಲೆ ಓಡಿದರು. ನಾನು ನದಿಯ ನಡುವೆ ಈಜಿದೆ. ಕಲ್ಲು ಬಿತ್ತು. ಇನ್ನೊಂದು ಕಲ್ಲು ಭುಜಕ್ಕೆ ಬಡಿಯಿತು. ಕೈ ಸೋತಿತು... ನಿಲ್ಲಿಸಲಿಲ್ಲ!

ಹಗ್ಗ ಕೈಗೆ ಸಿಕ್ಕಿತು. ಬೀಚ್! ಮರಳಿನ ಮೇಲೆ ಟವೆಲ್ ಹೊದ್ದ ಜನ. ಮೇಡಂ ಕೈಯಲ್ಲಿ ಬಾಟಲಿ, ಮೀಟರು.

ಧಣಿ ಏದುಸಿರು ಬಿಡುತ್ತಾ ಬಂದ.

"ಯಾರೂ ಇಳೀಬೇಡಿ! ಆ ನೀರು ವಿಷ! ನನಗೆ ಗೊತ್ತು!"

"ನನ್ನ ಮೀಟರಿಗೇ ಗೊತ್ತಿಲ್ಲ," ಅಂದರು ಮೇಡಂ. "ನಿಮಗೆ ಹೇಗೆ ಗೊತ್ತು?"

ನಾನು ಹ್ಯಾಂಡಲ್ ಎತ್ತಿ ತೋರಿಸಿದೆ. "ಮೇಲಿನ ತಿರುವಲ್ಲಿ ಇವರ ಟ್ಯಾಂಕರ್ ನಿಂತಿದೆ, ಮೇಡಂ. ಭರ್ತಿಯಾಗಿದೆ. ಇದಿಲ್ಲದೆ ಖಾಲಿಯಾಗಲ್ಲ."

ಮೇಡಂ ಫೋನು ಕೈಗೆತ್ತಿಕೊಂಡರು.

ಧಣಿಯ ಮುಖ ಕಪ್ಪಿಟ್ಟಿತು. "ಈಚೆ ಬಾರೋ, ನಿನ್ನ..."

"ಬರಲ್ಲ! ತಾಕತ್ತಿದ್ರೆ ಬಂದು ಎಳ್ಕೊಂಡು ಹೋಗಿ!"

ಒಂದು ಅಲೆ ಅವನ ಕಡೆ ಹರಿಯಿತು. ಅವನು ಹಿಂದೆ ಸರಿದ.

"ಅಲ್ವೋ, ಈಜೋ ಟೋಪಿ ಇಲ್ಲ, ಸಾಲದ್ದಕ್ಕೆ ಪ್ಯಾಂಟು ಬೇರೆ!" ಅಕ್ಕ ರೇಗಿದಳು. ಅವಳ ಕಣ್ಣು ತುಂಬಿತ್ತು. ಮೇಡಂ ಕಡೆ ನೋಡಿದಳು. ಮೇಡಂ ಮೀಟರು ನೋಡಿ ಸರಿ ಎಂಬಂತೆ ತಲೆಯಾಡಿಸಿದರು.

ಅಕ್ಕ ಸೀಟಿ ಊದಿದಳು. "ಇಳೀರಿ!"

ಧಬ ಧಬ ಅಂತ ಜನ ನೀರಿಗೆ ಬಿದ್ದರು.

ಊರೆಲ್ಲ ಒದ್ದೆಯಾಯಿತು. ಧಣಿಯ ಬೂಟು ಮಾತ್ರ ಒಣಗಿಯೇ ಇತ್ತು... ಪೊಲೀಸ್ ಜೀಪು ಹತ್ತುವಾಗಲೂ!