ತಡವರಿಸದ ವಿಡಿಯೋ

ಲಿಖಿತಾಳ ಫೋನು ಸಿಕ್ಕಿತು. ಲಿಖಿತಾ ಸಿಗಲಿಲ್ಲ.

ಹೊಸನಗರದ ಹೊರಗಿನ ಸಾಮಿಲ್‌ನಲ್ಲಿ ಬಿಲ್ಲು ಬರೆಯುತ್ತಿದ್ದ ಹುಡುಗಿ ಗುರುವಾರ ಸಂಜೆ ಮನೆಗೆ ಮರಳಲೇ ಇಲ್ಲ. "ಇಲ್ಲಿಗೆ ಕದ್ದ ಬೀಟೆ ಮರ ಬರ್ತದೆ, ಫಾರೆಸ್ಟಿನವ್ರಿಗೆ ಹೇಳ್ತೀನಿ ಅಂತಿದ್ಲು," ಎಂದಳು ತಾಯಿ ದುಗ್ಗಮ್ಮ. ಮಿಲ್ಲಿಗೆ ಮರ ತರುವವನು ಕೃಷ್ಣಕುಮಾರ. ಫೋನು ಬಿದ್ದಿದ್ದದ್ದು ಅವನ ಲಾರಿಯ ಸೀಟಿನಡಿ. ಶುಕ್ರವಾರ ಬೆಳಿಗ್ಗೆಯೇ ಅವನನ್ನು ಪೊಲೀಸ್ ಜೀಪು ಹತ್ತಿಸಿಯೂ ಆಗಿತ್ತು. ಆದರೆ ಸಾಕ್ಷಿ ಹೀಗೆ ತಾನಾಗಿ ಕೈಗೆ ಬಂದು ಬಿದ್ದರೆ ಸಬ್ ಇನ್ಸ್‌ಪೆಕ್ಟರ್ ಸುಮನಾಗೆ ಯಾವತ್ತೂ ಇರುಸುಮುರುಸು.

"ಗೇಟಿನ ಕ್ಯಾಮೆರಾ ನೋಡ್ಬೇಕು," ಎಂದಳು, ದುಗ್ಗಮ್ಮನ ಜೊತೆ ಮಿಲ್ಲಿನ ಆಫೀಸಿಗೆ ಬಂದು.

"ನೋಡಿ ಮೇಡಂ," ಎಂದ ಮಿಲ್ಲಿನ ಮಾಲೀಕ ರಾಜೇಂದ್ರ. "ನಿನ್ನೆ ಅವಳು ಹೋದ್ಮೇಲೆ ಗುಡುಗು ಶುರುವಾಯ್ತು. ಕಂಪ್ಯೂಟರ್ ಸುಟ್ಟು ಹೋಗ್ತದೆ ಅಂತ ಪ್ಲಗ್ ಕಿತ್ತಿಟ್ಟೆ. ನಿಮ್ಮ ಜೀಪು ಕಂಡ್ಮೇಲೇ ಮತ್ತೆ ಹಾಕಿದ್ದು. ಇನ್ನೂ ಯಾವ ಫೈಲೂ ತೆಗೆದಿಲ್ಲ."

ಕ್ಲಿಕ್ ಮಾಡುತ್ತಲೇ ಗುರುವಾರದ ವಿಡಿಯೋ ಓಡಿತು. ರೇನ್‌ಕೋಟ್ ತೊಟ್ಟ ಲಿಖಿತಾ ಗೇಟು ದಾಟಿ ರಸ್ತೆಗಿಳಿದಳು. ಹಿಂದೆಯೇ ಒಂದು ಕುಂಟು ನಾಯಿ. ದುಗ್ಗಮ್ಮ ಮಗಳು ಮರೆಯಾದ ಕಡೆ ಪರದೆ ಮುಟ್ಟಿದಳು. ಆ ಮುಖ ನೋಡಲಾಗುತ್ತಿರಲಿಲ್ಲ.

"ರಸ್ತೆಯಲ್ಲೇ ಕೃಷ್ಣಕುಮಾರನ ಲಾರಿ ನಿಂತಿತ್ತು," ಎಂದ ರಾಜೇಂದ್ರ.

ಸುಮನಾ ಹಿಂದಿನ ದಿನಗಳದ್ದನ್ನೂ ತೆಗೆದಳು. ಬುಧವಾರದ್ದು — ಹಳೆ ಕಂಪ್ಯೂಟರ್ ಗುರ್ರೆಂದಿತು, ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಮಂಗಳವಾರದ್ದು — ಅದೇ ಪಾಡು. ಸೋಮವಾರದ್ದು — ತಟ್ಟನೆ ತೆರೆಯಿತು. ಅದೇ ರೇನ್‌ಕೋಟ್. ಅದೇ ಕುಂಟು ನಾಯಿ. ಈ ಕ್ಯಾಮೆರಾ ಚಿತ್ರದ ಮೇಲೆ ತಾರೀಖು ಹಾಕುತ್ತಿರಲಿಲ್ಲ.

"ಯಾವ ಫೈಲೂ ತೆಗೆದಿಲ್ಲ ಅಂದ್ರಿ?"

"ಇಲ್ಲ ಮೇಡಂ."

"ಮತ್ತೆ ಇವೆರಡೇ ಯಾಕೆ ತಡ ಇಲ್ದೆ ಓಡಿದ್ವು?"

ರಾಜೇಂದ್ರ ಮೌಸಿನತ್ತ ಕೈ ಚಾಚಿದ. ಸುಮನಾ ಅದನ್ನು ತನ್ನತ್ತ ಎಳೆದುಕೊಂಡಳು.

"ಕಂಪ್ಯೂಟರ್ ಒಂದ್ಸಲ ಡಿಸ್ಕಿಂದ ಓದಿದ್ದನ್ನ, ಡಿಸ್ಕಿಗೆ ಬರೆದಿದ್ದನ್ನ ಮೆಮೊರಿಯಲ್ಲಿ ಇಟ್ಕೊಂಡಿರ್ತದೆ, ಮುಂದಿನ ಸಲ ಬೇಗ ಕೊಡೋಕೆ. ಪ್ಲಗ್ ಕಿತ್ರೆ ಆ ಮೆಮೊರಿ ಖಾಲಿ. ಅಂದ್ರೆ ಇವತ್ತು ಪ್ಲಗ್ ಹಾಕಿದ್ಮೇಲೆ ಈ ಎರಡು ಫೈಲನ್ನ ಮುಟ್ಟಿದೀರಿ. ಸೋಮವಾರದ್ದನ್ನ ನಕಲು ಮಾಡಿ ನಿನ್ನೇದರ ಜಾಗಕ್ಕೆ ಇಟ್ಟಿದೀರಿ. ಫೋನನ್ನ ಲಾರಿಗೆ ಹಾಕಿದ್ದೂ ನೀವೇ, ರಾಜೇಂದ್ರ ಅವ್ರೇ. ಅವಳು ಈ ಗೇಟು ದಾಟೇ ಇಲ್ಲ. ಎಲ್ಲಿದಾಳೆ?"

ಅವನು ಜೇಬಿನಿಂದ ಹಿಂದಿನ ಗೋದಾಮಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ.

"ಜೀವ ಇದ್ಯಾ?" ಎಂದಳು ದುಗ್ಗಮ್ಮ.

ರಾಜೇಂದ್ರ ತಲೆ ಎತ್ತಲಿಲ್ಲ.

"ಬೆಳಗಿನ ಜಾವದ ತನಕ ಬಾಗಿಲು ಬಡೀತಿದ್ಲು," ಎಂದ.